ಟ್ರಂಕಿನಲ್ಲಿ ಮಲಗಿದ್ದ ಹಲ್ಲಿನ ಸೆಟ್ಟು

ಹಾಕಿದ ದುಡ್ಡು ತಿರುಗಿ ಬಂತೇ ಎಂದು ನಾವೆಲ್ಲ ಕೇಳುತ್ತೇವಲ್ಲ, ಅದಕ್ಕೊಂದು ದೃಷ್ಟಾಂತ ಕೇಳಿ.

ಒಂದು ಊರಿನ ಸಂತೇಬೀದಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದ. ಸಾಲ ಮಾಡಿ ಹೊಸ ಕುರ್ಚಿ ತಂದ. ಗುಂಡಿ ಒತ್ತಿದರೆ ಏಳುತ್ತದೆ, ಮತ್ತೆ ಒತ್ತಿದರೆ ಮಲಗುತ್ತದೆ. ರಾಜರಿಗೂ ಇರಲಿಲ್ಲ ಅಂಥ ಕುರ್ಚಿ! ಕಂತು ಕಟ್ಟಬೇಕಲ್ಲ, ಅದಕ್ಕೊಂದು ನಿಯಮ ಮಾಡಿದ: ಕುರ್ಚಿಯಲ್ಲಿ ಕೂತಷ್ಟು ಸಲವೂ ಫೀಸು. ಅವನೇ ಕಟ್ಟಿದ ಹಲ್ಲನ್ನು ತುಸು ಸರಿಮಾಡಿಸಿಕೊಳ್ಳಲು ಬಂದರೂ ಫೀಸು. ಲಾಭ ಬರಬೇಕು ತಾನೆ? ಬರಲಿಲ್ಲ ನೋಡಿ. ಬರುವವರೇ ಕಡಿಮೆಯಾದರು. ಇನ್ನೊಂದು ಕಂತು ತಪ್ಪಿದರೆ ಕುರ್ಚಿ ಹೊತ್ತೊಯ್ಯುತ್ತೇವೆ ಎಂದರು ಸಾಲ ಕೊಟ್ಟವರು.

ಆ ಚಿಂತೆಯಲ್ಲೇ ಒಂದು ಮದುವೆಗೆ ಹೋದ. ಊಟದಲ್ಲಿ ಎದುರು ಸಾಲಿನಲ್ಲಿ ಕೆಂಚಮ್ಮಜ್ಜಿ. ಅವನೇ ಹಲ್ಲಿನ ಸೆಟ್ಟು ಮಾಡಿಕೊಟ್ಟ ಅಜ್ಜಿ. ಒಬ್ಬಟ್ಟನ್ನು ಹಾಲಲ್ಲಿ ಕಿವುಚುತ್ತಿದ್ದಾಳೆ, ಬಾಯಿ ಬೋಳು!

"ಯಾಕಜ್ಜೀ, ಹೊಸ ಹಲ್ಲೆಲ್ಲಿ?" ಬಡಿಸುವವನು ಕೆಣಕಿದ.

"ಟ್ರಂಕಲ್ಲಿ ಮಲಗವೆ ಕಣ್ಲಾ. ಹಾಕ್ಕಂಡ್ರೆ ಒಬ್ಬಟ್ಟು ಬಿಟ್ಟು ನನ್ನೇ ಕಚ್ತವೆ!"

"ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಕುಂತ್ರೆ ಫೀಸಂತೆ. ಕುರ್ಚಿಗೆ ಕಾಸು ಕೊಡಾಕೆ ನಾನೇನು ಟಾಕೀಸಿಗೆ ಹೋಗಿದ್ನಾ?"

ಸಾಲಿಗೆ ಸಾಲೇ ನಕ್ಕಿತು. ಡಾಕ್ಟರಿಗೆ ಆಗ ಹೊಳೆಯಿತು: ಲಾಭವೆಂದು ತಾನು ಎಣಿಸಿಕೊಂಡದ್ದು ಟ್ರಂಕಿನಲ್ಲಿ ಬಿದ್ದಿದೆ, ಊರಿಗೆ ಕಾಣುತ್ತಿರುವುದು ಆ ಬೋಳು ಬಾಯಿ! ಯಾರು ಬಂದಾರು ಅವನ ಹತ್ತಿರ?

ಕೈ ತೊಳೆದವನೇ ಹೋಗಿ, "ಅಜ್ಜೀ, ನಾಳೆ ಬನ್ನಿ. ಕಾಸು ಬೇಡ, ಹಲ್ಲು ತನ್ನಿ" ಎಂದ.

ಬಂದಳು. ಒಸಡಿಗೆ ಒತ್ತುತ್ತಿದ್ದ ಅಂಚೊಂದನ್ನು ಉಜ್ಜಿ ನಯ ಮಾಡಿದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ, ಅಷ್ಟೇ! ಅಜ್ಜಿ ಸೆರಗಿನ ಗಂಟಿನಿಂದ ಕೋಡುಬಳೆ ತೆಗೆದು ಕುರ್ಚಿಯಲ್ಲೇ ಕಟಂ ಎಂದು ಕಡಿದಳು. "ಅಯ್ಯೋ ನನ್ನಪ್ಪಾ, ಸದ್ದು ಕೇಳ್ತಾ!" ಇಬ್ಬರೂ ನಕ್ಕದ್ದೇ ನಕ್ಕದ್ದು. ಹಾಗೇ ಕಡಿಯುತ್ತಾ ಸಂತೆಯಿಡೀ ಸುತ್ತಿದಳು ಮಾರಾಯ್ತಿ. ಆಮೇಲೆ ಡಾಕ್ಟರ ಹತ್ತಿರ ಅವಳ ಬೀದಿಯೇ ಬಂತು, ಪಕ್ಕದ ಹಳ್ಳಿಯೂ ಬಂತು. ಫೀಸಿನ ನಿಯಮ ಹೋಯಿತು, ಕುರ್ಚಿ ಉಳಿಯಿತು.

ನೋಡಿ, ದುಡ್ಡು ಕೈಗೆ ಬಂದ ದಿನವೇ ಲಾಭ ಬಂದಿರುವುದಿಲ್ಲ. ಕೊಂಡವರ ಮನೆಯಲ್ಲಿ ನಿಮ್ಮ ಕೆಲಸ ನಡೆದ ದಿನ ಬರುತ್ತದೆ. ನಿಮ್ಮಲ್ಲಿ ರವಿಕೆ ಹೊಲಿಯುವವರಿದ್ದೀರಿ, ಪಂಪು ರಿಪೇರಿಯವರಿದ್ದೀರಿ. ದುಡ್ಡು ಎಣಿಸಿ ಬಾಗಿಲು ಹಾಕಿಕೊಳ್ಳಬೇಡಿ. ರವಿಕೆ ಬಿಗಿಯಾಯಿತೇನಮ್ಮ, ನೀರು ಮೇಲೆ ಬಂತೇನಪ್ಪ ಎಂದು ಹೋಗಿ ಕೇಳಿ. ಬಿಗಿಯಾಗಿದ್ದರೆ ಬಿಚ್ಚಿ ಹೊಲಿದುಕೊಡಿ, ಅದಕ್ಕೆ ಕೈ ಚಾಚಬೇಡಿ. ನಾಳೆ ಅಂಗಡಿ ತೆರೆಯುವ ಮೊದಲು ಒಬ್ಬರ ಮನೆಗಾದರೂ ಹೋಗಿ ಕೇಳಿ ಬನ್ನಿ.