ಆನೆ ತಿವಿದ ಗಾಡಿಯ ಇಂಜಿನ್ನು

...ಅಲ್ಲ, ನಾನು ಸುಮ್‌ಸುಮ್ನೆ ಹೊಡೆದೋಳಲ್ಲ ಕಣ್ರೋ. ನಿಮ್ಮ ತಾತ ಊರೆಲ್ಲಾ ಹೇಳ್ಕೊಂಡು ಬಂದವ್ರೆ, ನಮ್ಮೋಳು ಮೂರ್ನಾಡಲ್ಲಿ ಗಂಡಸಿನ ಕೈ ಮುರಿದ್ಲು ಅಂತ. ಮುರಿದೆ. ಇಲ್ಲ ಅಂದೋರ್ಯಾರು? ಆದ್ರೆ ಯಾಕೆ ಮುರಿದೆ ಅನ್ನೋದನ್ನ ಅವರು ಹೇಳಲ್ಲ, ನಾನು ಹೇಳ್ತೀನಿ ಕೇಳಿ. ಚಿನ್ನಿ, ಕಾಲು ಮಡಚ್ಕೊಂಡು ಕೂತ್ಕೊಳೇ, ಪುಟ್ಟಂಗೂ ಜಾಗ ಬೇಕು.

ನಾವು ಹಾಸನದ ಕಡೆಯಿಂದ ಬಂದು ಈ ಕುಶಾಲನಗರದ ಹತ್ರ ನೆಲೆ ನಿಂತಾಗ ನಮಗೆ ಅಂತ ಇದ್ದಿದ್ದು ಒಂದು ಚೂರು ಗದ್ದೆ, ಒಂದು ಹಳೇ ಡೀಸೆಲ್ ವ್ಯಾನು. ಗದ್ದೆ ಉಣ್ಣೋಕೆ ಅಕ್ಕಿ ಕೊಡ್ತಿತ್ತು, ಮಿಕ್ಕಿದ್ದೆಲ್ಲ ಆ ವ್ಯಾನೇ. ಬೆಳಿಗ್ಗೆ ನಮ್ಮ ಬೀದಿ ಹೆಂಗಸ್ರನ್ನೆಲ್ಲ ತುಂಬ್ಕೊಂಡು ಎಸ್ಟೇಟಿಗೆ ಹೋಗೋದು, ಸಂಜೆ ವಾಪಸ್ ತರೋದು. ನಾನೂ ಅವರ ಜೊತೆ ಕಾಫಿ ಕುಯ್ಯೋಕೆ ಹೋಗ್ತಿದ್ದೆ. ಪಿಕಿಂಗ್ ಜೋರಾಗಿರೋ ಟೈಮು ನೋಡಿ, ಒಂದಿನ ಏರು ಹತ್ತುವಾಗ ಇಂಜಿನ್ನಲ್ಲಿ ಟಕಟಕ ಅಂತ ಸದ್ದು. ನಿಲ್ಸಿ ಅಂದೆ. 'ಏರು ಒಂದು ಹತ್ತಲಿ ಇರು' ಅಂದ್ರು ಗಾಡಿ ಓಡಿಸ್ತಿದ್ದ ನಿಮ್ಮ ತಾತ. ಏರು ಎಲ್ಲಿ ಹತ್ತುತ್ತೆ, ಢಂ ಅಂತು, ಒಳಗಿನ ರಾಡು ಮುರಿದು ಇಂಜಿನ್ ಬ್ಲಾಕನ್ನೇ ಸೀಳ್ಕೊಂಡು ಆಚೆ ಬಂತು. ಆ ವ್ಯಾನಿಗೆ ಇಂಜಿನ್ ಇರೋದು ಡ್ರೈವರ್ ಸೀಟಿನ ಪಕ್ಕದಲ್ಲೇ, ಗೊತ್ತಾ. ಕುದಿಯೋ ಆಯಿಲ್ಲು ಹಾರಿ ನಿಮ್ಮ ತಾತನ ಕಾಲಿಗೆ ಬಿತ್ತು. ಪ್ಯಾಂಟು ಎಳೆದ್ರೆ ಚರ್ಮನೂ ಬಂತು. ಹೆಂಗಸ್ರೆಲ್ಲ ಬಾಗಿಲಿಂದ ಧುಮುಕಿ ಓಡಿದ್ರು, ಇವರು ಮಾತ್ರ ಹಲ್ಲು ಕಚ್ಕೊಂಡು ಬ್ರೇಕ್ ತುಳೀತಾ ಕೂತಿದ್ರು, ಯಾಕಂದ್ರೆ ಗಾಡಿ ಹಿಂದಕ್ಕೆ ಜಾರ್ತಿತ್ತು.

ಎಸ್ಟೇಟಲ್ಲಿ ಆಳುಗಳ ಲೆಕ್ಕ ಬರೆಯೋ ರೈಟರ್ ಬಂದ, ನೋಡ್ದ. 'ಸೋಮವಾರ ಗಾಡಿ ಬರ್ಬೇಕಮ್ಮ. ಬರ್ಲಿಲ್ಲ ಅಂದ್ರೆ ಬೇರೆ ಗಾಡಿ, ಬೇರೆ ಆಳು. ಹಣ್ಣು ಉದುರ್ತಾ ಇದೆ, ನಾನೇನು ಮಾಡ್ಲಿ' ಅಂದ. ಅಂದ್ರೆ ನಮ್ಮನೆ ಒಂದೇ ಅಲ್ಲ, ಇಡೀ ಬೀದಿ ಒಲೆ ಆರೋದು. ಮೆಕ್ಯಾನಿಕ್ ಬಶೀರು ಬಗ್ಗಿ ನೋಡಿ, 'ಅಕ್ಕಾ, ಇದು ಖತಂ. ಬೇರೆ ಇಂಜಿನ್ನೇ ಕೂರಿಸ್ಬೇಕು' ಅಂದ. ಈ ಮಾಡಲ್ ಬರೋದು ನಿಂತು ಯಾವ ಕಾಲವಾಯ್ತೋ. ಗುಜರಿ ಅಂಗಡಿ ಎಲ್ಲಾ ಅಲೆದ್ವಿ, ಪಿರಿಯಾಪಟ್ಟಣ, ಹುಣಸೂರು, ಎಲ್ಲೂ ಇಲ್ಲ. ಕೊನೆಗೆ ಬಶೀರೇ ಅಂದ, 'ಮೂರ್ನಾಡು ಹತ್ರ ಒಂದು ಬಿದ್ದಿದೆ ಅಕ್ಕಾ. ಆನೆ ತಿವಿದ ಗಾಡಿ. ಬಾಡಿ ಹೋಗಿದೆ, ಇಂಜಿನ್ ಗಟ್ಟಿ ಇದೆ. ಆದ್ರೆ ಆ ಪೊನ್ನಪ್ಪ ಅನ್ನೋನು ಕೇಳೋಕೆ ಹೋದೋರನ್ನೆಲ್ಲ ಓಡಿಸ್ತಾನೆ, ಹುಷಾರು.'

ಬಸ್ಸಲ್ಲಿ ಹೋದ್ವಿ. ನಿಮ್ಮ ತಾತ ಆ ಸುಟ್ಟ ಕಾಲು ಎಳ್ಕೊಂಡು. ಅಂಗಳದಲ್ಲಿ ಯಾರೂ ಇಲ್ಲ, ಮೂಲೇಲಿ ಟಾರ್ಪಾಲ್ ಹೊದ್ದು ಗಾಡಿ ನಿಂತಿದೆ. ಅಲ್ಲಿ ನಾನೇ ಟಾರ್ಪಾಲ್ ಎತ್ತಿದೆ. ಅಲ್ಲ ಅಲ್ಲ, ಎತ್ತಿ ಅಂದಿದ್ದು ನಾನು, ಎತ್ತಿದ್ದು ಅವರು. ಡ್ರೈವರ್ ಕಡೆ ಬಾಗಿಲು ಒಳಕ್ಕೆ ನುಗ್ಗೋಗಿದೆ, ಮಧ್ಯದಲ್ಲಿ ಒಂದು ತೂತು, ನನ್ನ ಮುಷ್ಟಿ ಹೋಗೋವಷ್ಟು. ಸೀಟಿನ ಮೇಲೆ ಕಪ್ಪಗೆ ಒಣಗಿರೋ ಕಲೆ. ಗ್ರೀಸ್ ಅಂದ್ಕೊಂಡೆ. ಇವರು ಬಾಗಿಲು ಕಿತ್ತು ಇಂಜಿನ್ ಮೇಲೆ ಕೈ ಇಟ್ರು, ಅಷ್ಟೇ, ಹಿಂದಿನಿಂದ ಒಬ್ಬ ಸಿಲ್ವರ್ ಓಕ್ ಮರದ ಸೌದೆ ಹಿಡ್ಕೊಂಡು ಬಂದು ಬಿಟ್ಟ ನೋಡಿ ತಲೆಗೆ. ಮಾತಿಲ್ಲ ಕತೆಯಿಲ್ಲ. ಇವರು ಬಿದ್ರು. ಬಿದ್ದೋರಿಗೆ ಮತ್ತೆ ಹೊಡೆದ, ಆ ಸುಟ್ಟ ಕಾಲಿಗೇ ಹೊಡೆದ. ಎದೆ ಮೇಲೆ ಕೂತು ಕತ್ತು ಅಮುಕಿದ, ಇವರ ಕಣ್ಣು ಮೇಲೆ ಹೋಯ್ತು. 'ಬಿಡಣ್ಣ, ಬಿಡಣ್ಣ' ಅಂತ ಕೂಗಿದೆ, ಬೆನ್ನಿಗೆ ಗುದ್ದಿದೆ, ಅವನಿಗೆ ಕಿವಿನೇ ಇಲ್ಲ. ಆ ಗಾಡಿ ಒಳಗೇ ಜಾಕಿ ರಾಡು ಬಿದ್ದಿತ್ತು. ತಗೊಂಡು ಎರಡೂ ಕೈಲಿ ಬೀಸಿದೆ. ಹಸಿ ಕೊಂಬೆ ಮುರಿದಂಗೆ ಸದ್ದು ಬಂತು, ಮೊಣಕೈ ಕೆಳಗೆ ಕೈ ಜೋತು ಬಿತ್ತು. ಇವತ್ತು ಅದೇ ಆದ್ರೂ ಹಂಗೇ ಬೀಸ್ತೀನಿ, ಸುಳ್ಳು ಯಾಕೆ ಹೇಳ್ಲಿ.

ಆಗ ಒಳಗಿಂದ ಆ ಪೊನ್ನಪ್ಪನ ತಾಯಿ ಬಂತು, ನನ್ನ ಈಗಿನ ವಯಸ್ಸಿರಬೇಕು. ನೆಲದಲ್ಲಿ ರಕ್ತ, ಮಗ ಕೈ ಹಿಡ್ಕೊಂಡು ಉರುಳಾಡ್ತಾ ಇದಾನೆ, ನಿಮ್ಮ ತಾತ ಕೆಮ್ಮಿ ಕೆಮ್ಮಿ ವಾಂತಿ ಮಾಡ್ತಾವ್ರೆ. ಆಯಮ್ಮ ಗಾಡಿ ನೋಡ್ತು, ತೆರೆದ ಟಾರ್ಪಾಲ್ ನೋಡ್ತು. 'ಅದು ನನ್ನ ಚಿಕ್ಕ ಮಗ ಕುಶಾಲ ಓಡಿಸ್ತಿದ್ದ ಗಾಡಿ. ತೋಟದ ರೋಡಲ್ಲಿ ಆನೆ ಬಾಗಿಲ ಮೇಲೇ ತಿವೀತು, ಕೊಂಬು ಸೀಟಿನ ತನಕ ಹೋಗಿತ್ತು. ಇವನೇ ತಮ್ಮನ ಹೆಣ ಬಿಡಿಸಿ ತಂದಿದ್ದು. ಅದನ್ನ ತೊಳೆಯೋಕೂ ಬಿಡಲ್ಲ' ಅಂತು. ನಾನು ಗ್ರೀಸ್ ಅಂದ್ಕೊಂಡಿದ್ದೆ ನೋಡಿ. ಜಾಕಿ ರಾಡು ಕೈಯಿಂದ ಜಾರಿ ಬಿತ್ತು.

ಠಾಣೆ ಅದು ಇದು ಏನೂ ಬೇಡ ಅಂತು. ಜೀಪು ಕರೆಸಿ ಇಬ್ಬರನ್ನೂ ಒಂದೇ ಸೀಟಲ್ಲಿ ಕೂರಿಸಿ ಮಡಿಕೇರಿ ಆಸ್ಪತ್ರೆಗೆ ಕಳಿಸ್ತು, ಇವರಿಗೆ ತಲೆಗೆ ಹೊಲಿಗೆ, ಅವನಿಗೆ ಕೈಗೆ ಪ್ಲಾಸ್ಟರು. ನನ್ನನ್ನ ಒಲೆ ಮುಂದೆ ಕೂರಿಸಿ ಅಕ್ಕಿ ರೊಟ್ಟಿ ಕೊಟ್ಟು ಹಂದಿ ಸಾರು ಬಡಿಸೋಕೆ ಬಂತು. 'ಬೇಡ ಅವ್ವಾ, ನಾವು ಲಿಂಗ ಕಟ್ಟಿದೋರು' ಅಂದೆ. 'ಗಂಡಸಿನ ಕೈ ಮುರಿಯೋಕಾಗುತ್ತೆ, ಹಂದಿ ತಿನ್ನೋಕಾಗಲ್ವಾ?' ಅಂತ ಜೇನುತುಪ್ಪ ತಂದು ಹಾಕ್ತು. ತಿಂತಾ ತಿಂತಾ ನಮ್ಮ ವ್ಯಾನಿನ ಕತೆ, ರೈಟರ್ ಹೇಳಿದ ಸೋಮವಾರದ ಮಾತು ಎಲ್ಲಾ ಹೇಳ್ದೆ.

ಪೊನ್ನಪ್ಪ ವಾಪಸ್ ಬಂದೋನು ನನ್ನ ಮುಖ ನೋಡ್ಲಿಲ್ಲ, ಗೋಡೆ ಕಡೆ ತಿರುಗಿ ಹೇಳ್ದ. 'ತೋಟದಲ್ಲಿ ಹಣ್ಣು ಕಪ್ಪಾಗ್ತಿದೆ. ಆಳಿಲ್ಲ, ಇದ್ದ ಒಂದು ಕೈ ಇವಳು ಮುರಿದ್ಲು. ಮುರಿದೋಳೇ ಬಂದು ಕುಯ್ಯಲಿ. ಇಂಜಿನ್ ತಗೊಂಡು ಹೋಗಿ.' ಅಷ್ಟೇ ರೇಟು, ಆಗ್ಲಿ ಅಂದೆ. ಮಾರನೇ ದಿನ ಬಶೀರು ಬಂದು ಸರಪಳಿ ಕಟ್ಟಿ ಇಂಜಿನ್ ಎತ್ತಿದ. ಅದು ಆಚೆ ಬಂದಿದ್ದೇ ತಡ, ಪೊನ್ನಪ್ಪ ಎಡಗೈಯಲ್ಲಿ ಹಾರೆ ತಗೊಂಡು ಆ ಖಾಲಿ ಗಾಡಿಗೆ ಹೊಡೆಯೋಕೆ ಶುರು ಮಾಡ್ದ. ಗ್ಲಾಸು ಒಡೆದ, ಲೈಟು ಒಡೆದ, ತಗಡು ಹರಿದ, ಆ ಸೀಟನ್ನ ಚಿಂದಿ ಮಾಡ್ದ. ಗಾಜು ಚುಚ್ಚಿ ಮುಖದಲ್ಲೆಲ್ಲ ರಕ್ತ. ಬಶೀರು ತಡೆಯೋಕೆ ಹೋದ, ತಾಯಿ ಬೇಡ ಅಂತ ಕೈ ಅಡ್ಡ ಹಿಡೀತು. ಸಾಕಾಗೋವರೆಗೂ ಹೊಡೆದು ಅಲ್ಲೇ ಕೂತು ಅತ್ತ. ನಾನೂ ಅತ್ತೆ, ನನಗ್ಯಾಕೆ ನಾಚಿಕೆ.

ಸೋಮವಾರ ಗಾಡಿ ಎಸ್ಟೇಟಿಗೆ ಹೋಯ್ತು. ಮುಂದಿನ ಭಾನುವಾರ ಕೊಟ್ಟ ಮಾತಿನಂಗೆ ಮೂರ್ನಾಡಿಗೆ, ನಮ್ಮ ಬೀದಿ ಹೆಂಗಸ್ರೂ ಹತ್ಕೊಂಡ್ರು. ಇಬ್ಬನಿ ಇನ್ನೂ ಆರಿರಲಿಲ್ಲ. ವ್ಯಾನು ಅಂಗಳಕ್ಕೆ ತಿರುಗ್ತಿದ್ದಂಗೆ ಆ ಇಂಜಿನ್ ಸದ್ದು ಕೇಳಿ ಆಯಮ್ಮ ಒಳಗಿಂದ ಕಾಫಿ ಲೋಟ ಹಿಡ್ಕೊಂಡು ಸರಸರ ಬಂತು, ನೆಟ್ಟಗೆ ಡ್ರೈವರ್ ಬಾಗಿಲಿಗೆ. 'ಯಾಕೋ ಇಷ್ಟೊತ್ತು' ಅಂತು. ನೋಡಿದ್ರೆ ಒಳಗೆ ತಲೆಗೆ ಪಟ್ಟಿ ಕಟ್ಕೊಂಡ ನಿಮ್ಮ ತಾತ. ಆಯಮ್ಮ ಲೋಟ ಹಿಂದಕ್ಕೆ ತಗೊಳ್ಳಿಲ್ಲ, ಅವರ ಕೈಗೇ ಇಟ್ಟು, 'ಬಿಸಿ ಇದೆ, ನೋಡ್ಕೊಂಡು ಕುಡಿ' ಅಂತು. ಪೊನ್ನಪ್ಪ ಕಣದ ಹತ್ರ ಪ್ಲಾಸ್ಟರ್ ಹಾಕಿದ ಕೈ ಹಿಡ್ಕೊಂಡು ನಿಂತಿದ್ದ, ಆ ಕಡೆ ತಿರುಗ್ದ.

ಅದ್ಕೇ ಹೇಳೋದು, ಇನ್ನೊಬ್ಬರ ಮನೇಲಿ ಏನಾದ್ರೂ ಮುಚ್ಚಿಟ್ಟಿದ್ರೆ ಮೊದಲು ಬಾಗಿಲು ತಟ್ಟಿ ಕೇಳಿ, ಆಮೇಲೆ ಎತ್ತಿ. ಏಳಿ, ಅನ್ನ ಆರ್ತಾ ಇದೆ.