ಸತ್ತವಳಿಗೆ ಇಪ್ಪತ್ತಾರು ಹಾಜರಿ

ಒಂದು ಊರಲ್ಲಿ ಒಬ್ಬ ಸಾಹುಕಾರ. ಸಾಹುಕಾರ ಅಂದ ಕೂಡಲೇ ಬಂಗಲೆ, ಕಾರು ಅಂದುಕೊಳ್ಳಬೇಡಿ. ಶೀಟು ಹೊದಿಸಿದ ಶೆಡ್ಡು, ಕಾಗದ ಕತ್ತರಿಸೋ ಒಂದು ಮಿಷನ್ನು, ಶಾಲೆ ಮಕ್ಕಳ ನೋಟ್‌ಬುಕ್ ಮಡಚಿ ಪಿನ್ ಹೊಡೆಯೋ ಹದಿನಾಲ್ಕು ಹೆಂಗಸರು. ಅಷ್ಟೇ. ನಮ್ಮ ನಿಮ್ಮಂಥವನೇ. ಶುಕ್ರವಾರ ಮಿಷನ್ನಿಗೆ ಹೂವು ಮುಡಿಸದೆ ಸ್ವಿಚ್ ಹಾಕಿದವನಲ್ಲ.

ಕೊರೊನಾ ಬಂತು. ಶಾಲೆಗಳಿಗೆ ಬೀಗ ಬಿತ್ತು. ಶಾಲೆಯೇ ಇಲ್ಲದ ಮೇಲೆ ನೋಟ್‌ಬುಕ್ ಯಾರಿಗೆ ಬೇಕು? ಏಪ್ರಿಲ್ ಒಂದನೇ ತಾರೀಕು ಹೆಂಗಸರನ್ನೆಲ್ಲ ಕರೆದು, "ಹೋಗ್ರಮ್ಮಾ, ಕೆಲಸ ಬಂದಾಗ ಹೇಳಿ ಕಳಿಸ್ತೀನಿ" ಅಂದ. ಮೂರು ತಿಂಗಳು ಒಂದು ರೂಪಾಯಿ ಕೊಡಲಿಲ್ಲ. ಅವನ ಕೈಲೂ ಇರಲಿಲ್ಲ, ಅದನ್ನೂ ಹೇಳಿಬಿಡೋಣ.

ಜುಲೈನಲ್ಲಿ ಆಡಿಟರ್ ಫೋನ್ ಮಾಡಿದ. "ಅಣ್ಣಾ, ಒಂದು ಸ್ಕೀಮ್ ಬಂದಿದೆ. ಈ ಕಷ್ಟದಲ್ಲೂ ಆಳು ಬಿಡಿಸದೆ ಸಂಬಳ ಕೊಟ್ಟ ಸಣ್ಣ ಕಾರ್ಖಾನೆಗಳಿಗೆ, ಅದರಲ್ಲಿ ಅರ್ಧ ಸರ್ಕಾರ ವಾಪಸ್ ಕೊಡುತ್ತೆ. ಆಳುಗಳ ಪಿಎಫ್ ಕೂಡ ಅದೇ ಕಟ್ಟುತ್ತೆ."

"ನಾನು ಸಂಬಳ ಕೊಟ್ಟಿಲ್ವಲ್ಲಪ್ಪ."

"ಕೊಟ್ಟೋರು ಯಾರಿದ್ದಾರೆ ಹೇಳಿ? ಹಾಜರಿ ಪುಸ್ತಕ ತುಂಬಿಸಿ ಕಳಿಸಿ, ಸಾಕು."

ನೋಡಿ, ಈ ಮಾತನ್ನ ಕೇಳಿಸಿಕೊಳ್ಳಿ. ಕೊಟ್ಟೋರು ಯಾರಿದ್ದಾರೆ. ಯಾರೂ ಕೊಟ್ಟಿಲ್ಲ ಅನ್ನೋದೇ ಅವನಿಗೆ ಧೈರ್ಯ ಆಗಿಬಿಟ್ಟಿತು.

ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೂತ. ಎರಡು ಪೆನ್ನು ಇಟ್ಟುಕೊಂಡ. ಸಹಿ ಮಾಡೋ ಹತ್ತು ಜನಕ್ಕೆ ಹತ್ತು ಥರ ಸಹಿ ಹಾಕಿದ. ಹೆಬ್ಬೆಟ್ಟು ಒತ್ತೋ ನಾಲ್ಕು ಜನಕ್ಕೆ ತನ್ನವೇ ನಾಲ್ಕು ಬೆರಳು ಕೊಟ್ಟ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆ ದಿನ ಕುಂಕುಮ ಇಟ್ಟು ಹೊಸ ಹಾಜರಿ ಪುಸ್ತಕ ತೆರೀತಾರೆ. ಮುಂದಿನ ಆಯುಧಪೂಜೆವರೆಗೆ ಅದರಲ್ಲಿ ಯಾರ ಹೆಸರೂ ಹೊಡೆದುಹಾಕೋ ಹಾಗಿಲ್ಲ, ಅಪಶಕುನ. ಹಾಗಾಗಿ ಒಂಬತ್ತನೇ ಸಾಲಿನಲ್ಲಿ ಶಿವಲಿಂಗಮ್ಮ ಹಾಗೇ ಇದ್ದಳು. ಮೇ ಮೊದಲನೇ ವಾರ ಅದೇ ರೋಗಕ್ಕೆ ತೀರಿಕೊಂಡಿದ್ದಳು. ಸುದ್ದಿ ಕೇಳಿ ಒಂದು ಹೊತ್ತು ಊಟ ಬಿಟ್ಟವನು ಇದೇ ಸಾಹುಕಾರ. ಈಗ ಮೇಲಿಂದ ಕೆಳಕ್ಕೆ ಓಡ್ತಿದ್ದ ಕೈ ಅವಳ ಹೆಸರಿನ ಹತ್ತಿರ ನಿಂತಿತಾ? ನಿಲ್ಲಲಿಲ್ಲ.

ದುಡ್ಡು ಬಂತು. ಶಾಲೆಗಳು ತೆರೆದವು. ಉಳಿದ ಹದಿಮೂರು ಜನ ಕೆಲಸಕ್ಕೆ ವಾಪಸ್ ಬಂದರು.

ಒಂದು ದಿನ ಟೀ ಹೊತ್ತಿಗೆ ಶಿವಲಿಂಗಮ್ಮನ ಗಂಡ ಮಾದಪ್ಪ ಬಂದ. ಲಗೇಜ್ ಆಟೋ ಓಡಿಸೋನು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಒಂದು ಚಿಪ್ಪು ಬಾಳೆಹಣ್ಣು ಮೇಜಿನ ಮೇಲಿಟ್ಟು, ಎಲ್ಲರೆದುರಿಗೆ ಸಾಹುಕಾರನ ಕಾಲಿಗೆ ಬಿದ್ದ.

"ಸಾವ್ಕಾರ್ರೇ, ಅವಳ ಪಿಎಫ್ ಬಿಡಿಸೋಕೆ ಹೋಗಿದ್ದೆ. ಜೂನ್‌ವರೆಗೂ ಕಟ್ಟಿದೆ ಅಂದ್ರು. ಅವಳು ಹೋದ ಮೇಲೂ ನೀವು ಕೈ ಬಿಡಲಿಲ್ಲ. ನಮ್ಮ ನೆಂಟ್ರೇ ಮಣ್ಣಿಗೆ ಬರಲಿಲ್ಲ, ನೀವು ನೋಡಿದ್ರೆ..."

ಸಾಹುಕಾರ ಏನಂದ ಗೊತ್ತಾ? "ಇರಲಿ ಏಳಪ್ಪ" ಅಂದ. ಆ ನಮಸ್ಕಾರವನ್ನೂ ತಗೊಂಡ.

ಪಿನ್ ಹೊಡೀತಿದ್ದ ಚಿಕ್ಕತಾಯಿ ಅನ್ನೋಳು ತಲೆ ಎತ್ತಿದಳು. "ಸಂಬಳ ಕೊಟ್ರೆ ತಾನೇ ಪಿಎಫ್ ಕಟ್ಟೋದು? ಶಿವಲಿಂಗಿ ಸತ್ತು ಸಂಬಳ ತಗೊಂಡ್ಲು. ನಾನು ಬದುಕಿದ್ದು ಕೆಟ್ಟೆ. ಓಲೆ ಮಾರಿ ಅಕ್ಕಿ ತಂದೆ."

ಒಬ್ಬಿಬ್ಬರು ನಕ್ಕರು. ಆಮೇಲೆ ಅರ್ಥ ಆಯ್ತು, ಎಲ್ಲರೂ ಸಾಹುಕಾರನ ಕಡೆ ತಿರುಗಿದರು.

ಮಾದಪ್ಪನಿಗೆ ಸಿಟ್ಟು ಬಂತು. "ಸುಮ್ನಿರವ್ವ ನೀನು. ಸಾವ್ಕಾರ್ರು ಅಂಥೋರಲ್ಲ."

ಮಾದಪ್ಪ ಬೈದಿದ್ದರೆ ಸಾಹುಕಾರ ಬದುಕಿಕೊಳ್ತಿದ್ದ. ಎಲ್ಲ ಆಡಿಟರ್ ಮಾಡಿದ್ದು ಅನ್ನೋ ಮಾತು ನಾಲಿಗೆ ಮೇಲೇ ಇತ್ತು. ಆದರೆ ಅಂಥೋರಲ್ಲ ಅಂದವನ ಮುಖ ನೋಡಿ ಅದನ್ನ ಹೇಗೆ ಹೇಳ್ತಾನೆ? ತಾನು ಕೂತಿದ್ದ ಕುರ್ಚಿಯಿಂದ ಎದ್ದು ನಿಂತ.

"ನಾನು ಯಾರಿಗೂ ಕೊಟ್ಟಿಲ್ಲ ಮಾದಪ್ಪ. ಕೊಟ್ಟೆ ಅಂತ ಬರೆದು ಸರ್ಕಾರದಿಂದ ತಗೊಂಡೆ. ಶಿವಲಿಂಗಮ್ಮ ದಿನಾ ಕೆಲಸಕ್ಕೆ ಬಂದಳು ಅಂತ ನಾನೇ ಬರೆದೆ."

ಮಾದಪ್ಪ ಕೂಗಾಡಲಿಲ್ಲ. "ಜೂನ್‌ನಲ್ಲಿ ಎಷ್ಟು ದಿನ ಬಂದ್ಲು?" ಅಂತ ಕೇಳಿದ.

"ಇಪ್ಪತ್ತಾರು."

"ಭಾನುವಾರ ರಜಾ ಕೊಟ್ಟಿದ್ದೀರಿ" ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಆಮೇಲೆ ಸಾಹುಕಾರ ಮಿಷನ್ನು ಅಡ ಇಟ್ಟು ಸರ್ಕಾರಕ್ಕೆ ವಾಪಸ್ ಕಟ್ಟಿದ. ಅಬ್ಬ, ಸರಿಹೋಯ್ತು ಅಂತ ಉಸಿರು ಬಿಟ್ಟಿರಿ, ಕಾಣಿಸ್ತು ನನಗೆ. ಏನು ಸರಿಹೋಯ್ತು? ಮಾದಪ್ಪ ಆವತ್ತು ಕಾಲಿಗೆ ಬಿದ್ದದ್ದನ್ನ ಯಾವ ಬ್ಯಾಂಕಿಗೆ ವಾಪಸ್ ಕಟ್ಟೋದು?

ನಾಚಿಕೆ ಆಗಬೇಕು ನಮಗೆ. ನಮಗೆ ಅಂದೆ, ನನ್ನನ್ನೂ ಸೇರಿಸಿಕೊಂಡೇ ಅಂದೆ. ಇಲ್ಲಿ ಬೇಕರಿ ಇಟ್ಟವರಿದ್ದೀರಿ, ಗ್ಯಾರೇಜ್ ಇಟ್ಟವರಿದ್ದೀರಿ, ಹತ್ತು ಆಳು ಇಟ್ಟು ಮೂವರ ಹೆಸರು ಬರೆಯೋರಿದ್ದೀರಿ, ಮೂರು ಆಳು ಇಟ್ಟು ಹತ್ತು ಹೆಸರು ಬರೆಯೋರೂ ಇದ್ದೀರಿ. ನಿಜವಾಗಿ ಸಂಬಳ ಕೊಟ್ಟು ಆ ಸಹಾಯ ತಗೊಂಡವರು ತಲೆ ಎತ್ತಿ ಕೂತುಕೊಳ್ಳಿ, ಅದು ನಿಮ್ಮ ಹಕ್ಕು. ಉಳಿದವರು ನೆಲ ನೋಡಿ, ಪರವಾಗಿಲ್ಲ. ಆದರೆ ನೋಡ್ಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಿಬಿಡಬೇಡಿ.

ನಾಳೆ ಶಟರ್ ಎತ್ತಿದ ಮೇಲೆ ಆಳುಗಳನ್ನ ಕೂರಿಸಿ. ಅವರ ಹೆಸರಲ್ಲಿ ನೀವು ಬರೆದಿರೋದನ್ನ ಅವರ ಮುಂದೆ ಗಟ್ಟಿಯಾಗಿ ಓದಿ. ಎಷ್ಟು ದಿನ, ಎಷ್ಟು ಸಂಬಳ, ಯಾರ ಸಹಿ. ಓದೋಕೆ ಬಾಯಿ ಬರಲಿಲ್ಲ ಅಂದರೆ ಆ ಕಾಗದ ಸುಳ್ಳು, ಕಳಿಸಬೇಡಿ. ಕಳಿಸಿಯಾಗಿದ್ದರೆ ಆಫೀಸಿಗೆ ಹೋಗಿ ತಪ್ಪಾಯ್ತು ಅಂತ ಬರೆದುಕೊಡಿ. ಆಡಿಟರ್ ಬೇಡ ಅಂತಾನೆ, ಅನ್ನಲಿ. ಇನ್ಮೇಲೆ ಪ್ರತಿ ತಿಂಗಳೂ ಹೀಗೇ. ಅವರು ಕೇಳಿಸಿಕೊಂಡು ಹೌದು ಅನ್ನಲಿ. ಆಮೇಲೆ ನಿಮ್ಮ ಸಹಿ.