ಬಾಲ್ಕನಿ ಬಾಗಿಲಿನ ಮೇಸ್ತ್ರಿ

ಅಕ್ಕ ಮತ್ತು ಭಾವ ಕೊಂಡ ಹಳೆಯ ಮನೆಯ ಬೀಗದ ಕೈ ಸಿಕ್ಕ ದಿನವೇ ಮಳೆ ಹಿಡಿಯಿತು. ಖಾಲಿ ಮನೆಯನ್ನು ಒಂದು ಸಲ ಗುಡಿಸಿ ಒರೆಸಿ ಕತ್ತಲಾಗುವುದರೊಳಗೆ ಹೊರಟುಬಿಡೋಣ ಎಂದು ಹೋದವರು ನಾವು ಆರು ಜನ: ಅಕ್ಕ, ಭಾವ, ಅವರ ಇಬ್ಬರು ಹೆಣ್ಣುಮಕ್ಕಳು, ನಾನು ಮತ್ತು ನಮ್ಮ ದೊಡ್ಡಮ್ಮ. ಸಂಜೆಯ ಹೊತ್ತಿಗೆ ಎದುರು ಮನೆಯೂ ಕಾಣದ ಹಾಗೆ ಸುರಿಯತೊಡಗಿತು. ಕರೆಂಟು ಇನ್ನೂ ಬಂದಿರಲಿಲ್ಲ. ಕೂರಲು ಕುರ್ಚಿಯಿಲ್ಲ. ಹಳೆಯ ಪೇಪರ್ ಹಾಸಿ, ನಡುವೆ ಒಂದು ಮೇಣದಬತ್ತಿ ಹಚ್ಚಿಟ್ಟು, ಮುಂದಿನ ಕೋಣೆಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು.

ದೊಡ್ಡಮ್ಮನಿಗೆ ಎಪ್ಪತ್ತೆಂಟು ವರ್ಷ. ಮೂವತ್ತು ವರ್ಷ ಅವಳು ಮಾಡಿದ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಮಾರಾಟಕ್ಕಿಟ್ಟ ಮನೆಗಳನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಅಣಿಗೊಳಿಸುವುದು ಅವಳ ಕಸುಬು. ಬ್ರೋಕರ್‌ಗಳೆಲ್ಲ ಅವಳನ್ನು ಸಿಂಗಾರಮ್ಮ ಎಂದೇ ಕರೆಯುತ್ತಿದ್ದರು. ಚಿಕ್ಕ ಹುಡುಗಿ ದೆವ್ವದ ಕತೆ ಹೇಳು ಎಂದು ಹಠ ಹಿಡಿದಳು. "ಬೇಡ ದೊಡ್ಡಮ್ಮ, ಹೊಸ ಮನೇಲಿ ಅದೆಲ್ಲ ಯಾಕೆ" ಎಂದು ಅಕ್ಕ ತಡೆದಳು. ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಗೋಡೆಗೆ ಒರಗಿ ಶುರು ಮಾಡಿಯೇಬಿಟ್ಟಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ.

ಆಗ ನಂಗೆ ನಲವತ್ತರ ಆಸುಪಾಸು. ಕೈ ತುಂಬ ಕೆಲಸ. ಎಂಥ ಮನೆನಾದ್ರೂ ಸರಿ, ನಾಲ್ಕು ದಿನ ನನ್ನ ಕೈಗೆ ಕೊಟ್ರೆ, ನೋಡೋಕೆ ಬಂದೋರು ಹೊಸ್ತಿಲಲ್ಲೇ ಮನಸ್ಸು ಕೊಟ್ಟುಬಿಡಬೇಕು, ಹಾಗೆ ಮಾಡ್ತಿದ್ದೆ... ಏನು ಮಾಡ್ತಿದ್ದೆ ಅಂತೀರಾ? ಅರ್ಧ ಸಾಮಾನು ಎತ್ತಿ ಆಚೆ ಹಾಕಿಸ್ತಿದ್ದೆ, ಸಾಮಾನು ಕಮ್ಮಿ ಆದಷ್ಟೂ ಕೋಣೆ ದೊಡ್ಡದು. ಗೋಡೆ ಮೇಲೆ ಒಂದು ಫೋಟೋ ಬಿಡ್ತಿರಲಿಲ್ಲ, ಯಾಕೆ ಹೇಳಿ? ಬಂದೋರಿಗೆ ಆ ಜಾಗದಲ್ಲಿ ತಮ್ಮ ಫೋಟೋ ಕಾಣಬೇಕಲ್ಲ. ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಬಿಡೋದು, ಕತ್ತಲೆ ಮೂಲೆಗೆ ಒಂದು ದೀಪ ಇಡೋದು, ಸಿಂಕ್‌ನಲ್ಲಿ ಮುಖ ಕಾಣೋ ಹಾಗೆ ತಿಕ್ಕೋದು... ಆಮೇಲೆ, ಮುಚ್ಚಬೇಕಾದ್ದನ್ನ ಮುಚ್ಚೋದು. ಅದನ್ನೂ ಹೇಳಿಬಿಡ್ತೀನಿ, ಈ ವಯಸ್ಸಲ್ಲಿ ಇನ್ನೇನು ಮುಚ್ಚುಮರೆ. ತೇವದ ಕಲೆ ಇದ್ರೆ ಅದರ ಮುಂದೆ ಬೀರು, ಒಡೆದ ಟೈಲ್ಸ್ ಮೇಲೆ ಒಂದು ಚಾಪೆ. ಇದು ಸುಳ್ಳಲ್ಲ, ಮುಖಕ್ಕೆ ಪೌಡರ್ ಹಚ್ಚಿದ ಹಾಗೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದ್ದೆ.

ಒಂದು ದಿನ ನಮ್ಮ ಬ್ರೋಕರ್ ಬಂದು, 'ಸಿಂಗಾರಮ್ಮ, ಒಂದು ಮನೆ ನಾಲ್ಕು ತಿಂಗಳಿಂದ ನನ್ನ ತಲೆ ತಿಂತಾ ಇದೆ' ಅಂದ. ನೋಡೋಕೆ ಬಂದೋರೆಲ್ಲ ಮೆಚ್ಚಿ ಮೆಚ್ಚಿ ಮಾತಾಡ್ತಾರೆ, ಮಹಡಿ ಹತ್ತಿ ಇಳಿಯೋ ಹೊತ್ತಿಗೆ ಮುಖ ಸಣ್ಣದಾಗಿರುತ್ತೆ, ಮಾರನೇ ದಿನ ಫೋನೇ ಎತ್ತಲ್ಲ. ಮನೆ ಒಬ್ಬ ರಿಟೈರ್ಡ್ ಟೀಚರಮ್ಮಂದು. ಗಂಡ ತೀರಿಹೋಗಿ ಆರು ವರ್ಷ, ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಬೇರೆ ಊರಲ್ಲಿ ಒಬ್ಬ ತಂಗಿ, ಅವಳೂ ಒಂಟಿ. ಇಬ್ಬರೂ ಒಟ್ಟಿಗೆ ಇದ್ದುಬಿಡೋಣ ಅಂತ ಮಾತಾಗಿತ್ತು. 'ನಿನ್ನ ಮಂಚ ಹಾಕಿಸಿಟ್ಟಿದ್ದೀನಿ ಅಕ್ಕ, ಯಾವಾಗ ಬರ್ತೀಯ' ಅಂತ ತಂಗಿ ದಿನಾ ಫೋನ್ ಮಾಡೋಳು, ಇವರು ದಿನಾ 'ಬರೋ ತಿಂಗಳು' ಅನ್ನೋರು. ಪಾಪ, ಇನ್ನೇನಂತಾರೆ?

ಹೋಗಿ ನೋಡಿದೆ. ಚಂದದ ಮನೆ, ಗಾಳಿ ಬೆಳಕು ಚೆನ್ನಾಗಿದೆ. ಮಹಡಿಯಲ್ಲಿ ತೋಟದ ಕಡೆಗೆ ಚಾಚಿಕೊಂಡ ದೊಡ್ಡ ಬಾಲ್ಕನಿ, ಕೆಳಗೆ ಒಂದೂ ಕಂಬ ಇಲ್ಲ, ಗಾಳಿಯಲ್ಲಿ ತೇಲೋ ಹಾಗಿತ್ತು. ಅದರ ನೆಲ ಗೋಡೆಗೆ ಸೇರೋ ಕಡೆ ಉದ್ದಕ್ಕೂ ಒಂದು ಬಿರುಕು... ಕೂದಲೆಳೆಯಷ್ಟು. ನಾನೇನು ಮಾಡಿದೆ? ಪುಟ್ಟಿ ತುಂಬಿದೆ, ಬಣ್ಣ ಬಳಿದೆ, ಅದರ ಮೇಲೆ ಸಾಲಾಗಿ ಹನ್ನೆರಡು ಹೂವಿನ ಕುಂಡ ಇಟ್ಟೆ. ಬೀದಿ ತುದಿಯಿಂದ ನೋಡಿದ್ರೂ ಕಣ್ಣು ತುಂಬಬೇಕು, ಹಾಗೆ ಕಂಡಿತು.

ಮೊದಲು ಬ್ಯಾಂಕಲ್ಲಿ ಕೆಲಸ ಮಾಡೋ ಗಂಡ ಹೆಂಡತಿ ಬಂದ್ರು. ನೋಡಿದ್ರು, ನಕ್ಕರು, ಹೋದ್ರು. ಮಾರನೇ ದಿನ ಬೇಡ ಅಂದ್ರು. ಬ್ರೋಕರ್ ಬಿಡಲಿಲ್ಲ, ಕಾರಣ ಹೇಳಿ ಅಂತ ಹಿಡ್ಕೊಂಡ. 'ಆ ಮನೆಯ ಹಿರಿಯರೇ ಹೇಳಿದ್ರಲ್ಲ, ಬಾಲ್ಕನಿ ಕಡೆ ಹೋಗಬೇಡಿ, ಅದು ನಿಲ್ಲಲ್ಲ ಅಂತ' ಅಂದ್ರಂತೆ. ಯಾವ ಹಿರಿಯರು? ಆ ಮನೇಲಿ ಟೀಚರಮ್ಮನ ಬಿಟ್ರೆ ಒಂದು ನರಪಿಳ್ಳೆ ಇಲ್ಲ.

'ಯಾರೋ ಪಕ್ಕದ ಮನೆ ಮುದುಕ ಹೊಟ್ಟೆಕಿಚ್ಚಿಗೆ ಬಂದು ಹೇಳಿರಬೇಕು' ಅಂತ ನಾನಂದೆ. ಆಮೇಲೆ ಬಂದೋನು ಔಷಧಿ ಅಂಗಡಿಯವನು. ಅವನು ಕೆಳಗಿಳಿದು ಬಂದವನೇ ನಮ್ಮ ಮುಂದೇನೇ ಕೇಳಿದ, 'ಮೇಲೆ ಬಾಗಿಲಲ್ಲಿ ನಿಂತಿದ್ದಾರಲ್ಲ ಯಜಮಾನರು, ಅಂಗಿಯೆಲ್ಲ ಸಿಮೆಂಟು, ಎಡಗೈಯಲ್ಲಿ ಕಿರುಬೆರಳಿಲ್ಲ, ಅವರು ಯಾರು?'

ಟೀಚರಮ್ಮ 'ಯಾವ ಕೈ ಅಂದ್ರಿ?' ಅಂತ ಎರಡೆರಡು ಸಲ ಕೇಳಿದ್ರು.

ಆಮೇಲೆ ನೀರು ಕುಡಿದು ಹೇಳಿದ್ರು... ಆ ಮನೆ ಕಟ್ಟಿದ ಗಾರೆ ಮೇಸ್ತ್ರಿಗೆ ಕಿರುಬೆರಳು ಇರಲಿಲ್ಲ. ಬಾಲ್ಕನಿ ಕೆಳಗೆ ಎರಡು ಕಂಬ ಕೊಡಲೇಬೇಕು ಅಂತ ಅವನು ಹಠ ಹಿಡಿದಿದ್ನಂತೆ. ಕಂಬ ಬಂದ್ರೆ ಅಂದ ಕೆಡುತ್ತೆ ಅಂತ ಇವರ ಯಜಮಾನರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೀತು. ಅವತ್ತು ಮಧ್ಯಾಹ್ನ ಕರಣೆ ತೊಳೆದು ಚೀಲಕ್ಕೆ ಹಾಕ್ಕೊಂಡು ಹೋದೋನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಉಳಿದದ್ದನ್ನ ಬೇರೆ ಯಾರೋ ಮುಗಿಸಿದ್ರು. ಮೇಸ್ತ್ರಿ ಸತ್ತು... ಹದಿನೆಂಟು ವರ್ಷ ಆಗಿತ್ತು.

ಮಳೆ ಒಂದು ಸಲ ಕಿಟಕಿಗೆ ಬಡಿಯಿತು. ಚಿಕ್ಕವಳು ಅವಳಮ್ಮನ ಮಡಿಲಿಗೆ ಏರಿದಳು. ದೊಡ್ಡಮ್ಮ ಮೇಣದಬತ್ತಿಯನ್ನು ನೋಡುತ್ತ ಮುಂದುವರಿಸಿದಳು.

ಆಗಲಾದ್ರೂ ನಂಗೆ ಬುದ್ಧಿ ಬರಬೇಕಿತ್ತೋ ಬೇಡವೋ? 'ನಾನೇ ಪುಟ್ಟಿ ತುಂಬಿ ಬಿರುಕು ಮುಚ್ಚಿದ್ದೀನಿ' ಅಂತ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕೈಕೆಲಸದ ಹೆಮ್ಮೆ ನೋಡಿ... ನಾನು ಸಿಂಗರಿಸಿದ ಮನೆ ಒಂದೂ ವಾಪಸ್ ಬಂದಿರಲಿಲ್ಲ. ದೆವ್ವನೂ ಇಲ್ಲ ಗಿವ್ವನೂ ಇಲ್ಲ ಅಂತ ಬ್ರೋಕರ್‌ಗೆ ಧೈರ್ಯ ಹೇಳಿ, ಬೇಕು ಅಂತಲೇ ಇನ್ನೂ ನಾಲ್ಕು ದೊಡ್ಡ ಕುಂಡ ತಂದು ಮೇಲೆ ಇಡಿಸಿದೆ, ಭಾನುವಾರ ಬೆಳಿಗ್ಗೆ ಎಲ್ಲಕ್ಕೂ ತುಂಬಿ ತುಳುಕೋ ಹಾಗೆ ನೀರು ಹಾಕಿದೆ.

ಆ ಭಾನುವಾರ ಹತ್ತು ಗಂಟೆಗೆ ಒಬ್ಬ ಬಸ್ ಡ್ರೈವರ್ ಬಂದ, ಹೆಂಡತಿ, ಎರಡು ಮಕ್ಕಳು, ನಿಮ್ಮಷ್ಟೇ ಇದ್ದೋರು. ಬಿಸಿಲು ಫಳಫಳ ಅಂತಿದೆ. ಹಗಲು ಹೊತ್ತಲ್ಲಿ ಯಾರಿಗೆ ಹೆದರಿಕೆ? ದೊಡ್ಡೋರೆಲ್ಲ ಅಡುಗೆಮನೆ ನೋಡ್ತಿದ್ದಾರೆ, ಡ್ರೈವರ್ ಹೆಂಡತಿ ಒಂದೊಂದೇ ಕಪಾಟು ತೆಗೆದು ತನ್ನ ಪಾತ್ರೆನೆಲ್ಲ ಮನಸ್ಸಲ್ಲೇ ಜೋಡಿಸ್ತಿದ್ದಾಳೆ, ಇವತ್ತು ಆಗೇ ಹೋಯ್ತು ಅಂತ ನಾನು ಒಳಗೊಳಗೇ ಹಿಗ್ತಾ ಇದ್ದೀನಿ... ಆಗ ತಲೆ ಮೇಲೆ ಧಡಧಡ ಸದ್ದು. ಮಕ್ಕಳು. ಹೂವು ನೋಡೋಕೆ ಮೇಲೆ ಓಡಿದ್ದಾವೆ.

ಗೊತ್ತಿತ್ತಲ್ಲ ನಂಗೆ? ಯಾರಿಗೂ ಗೊತ್ತಿಲ್ಲದ್ದು ನಂಗೊಬ್ಬಳಿಗೆ ಗೊತ್ತಿತ್ತಲ್ಲ? ಎರಡೆರಡು ಮೆಟ್ಟಿಲು ಹಾರ್ಕೊಂಡು ಹತ್ತಿದೆ. ಅರ್ಧ ದಾರೀಲಿ ಮಕ್ಕಳು ಕೈ ಕೈ ಹಿಡ್ಕೊಂಡು ಮುಖ ಊದಿಸ್ಕೊಂಡು ಇಳಿದು ಬರ್ತಿದ್ದಾವೆ. 'ಏನಾಯ್ತು ಕಂದ' ಅಂದೆ. 'ಬಾಗಿಲಲ್ಲಿ ಒಬ್ಬ ತಾತ ಅಡ್ಡ ನಿಂತಿದ್ದಾರೆ. ಹೂ ಮುಟ್ಟೋಕೂ ಬಿಡ್ಲಿಲ್ಲ. ಅಮ್ಮನ ಹತ್ರ ಓಡಿ ಅಂತ ಬೈದ್ರು' ಅಂತು ದೊಡ್ಡದು.

ನಾನು ಮೇಲೆ ಹೋದೆ. ಯಾಕೆ ಹೋದೆ ಅಂತ ಇವತ್ತಿಗೂ ಗೊತ್ತಿಲ್ಲ. ಬಾಲ್ಕನಿ ಬಾಗಿಲಲ್ಲಿ ನಿಂತಿದ್ದ... ಬಾಗಿಲಿನ ಎರಡೂ ಕಡೆ ಕೈ ಒತ್ತಿಕೊಂಡು, ಬೆನ್ನು ನನ್ನ ಕಡೆ. ಬಿಸಿಲು ಅವನ ಮೇಲೆ ಬೀಳ್ತಿದೆ, ನೆಲದ ಮೇಲೆ ಬಾಗಿಲಿನ ನೆರಳಿದೆ, ಅವನದ್ದಿಲ್ಲ. ಎಡಗೈ ನೋಡಿದೆ. ನಾಲ್ಕೇ ಬೆರಳು. ನಿಧಾನಕ್ಕೆ ತಿರುಗಿ, ಸೊಟ್ಟಗೆ ಕಟ್ಟಿದ ಗೋಡೆ ನೋಡ್ತಾರಲ್ಲ, ಹಾಗೆ ನನ್ನನ್ನ ಅಡಿಯಿಂದ ಮುಡಿವರೆಗೆ ನೋಡಿದ.

'ಪುಟ್ಟಿ ಬಳಿದೋಳು ನೀನಾ?' ಅಂದ.

ಅಷ್ಟರಲ್ಲಿ ಅವನ ಬೆನ್ನ ಹಿಂದೆ ದಪ್ಪ ಬಟ್ಟೆ ಹರಿದ ಹಾಗೆ ಒಂದು ಸದ್ದು... ಬಾಲ್ಕನಿ ಹಾಗೇ ಬಾಗಿ, ಹದಿನಾರು ಕುಂಡದ ಸಮೇತ, ತೋಟಕ್ಕೆ ಬಿತ್ತು. ಮನೆಯೆಲ್ಲ ನಡುಗಿತು. ಧೂಳು ಕಮ್ಮಿಯಾದಾಗ ನೋಡಿದ್ರೆ ಬಾಗಿಲು ಇದೆ, ಬಾಗಿಲಾಚೆ ಬರೀ ಆಕಾಶ. ಅವನಿಲ್ಲ.

ಕೆಳಗೆ ಬಗ್ಗಿ ನೋಡಿದೆ, ತೋಟದಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಕಡೆ ನೋಡಿದೆ, ಡ್ರೈವರ್ ಕೊನೇ ಮೆಟ್ಟಿಲ ಮೇಲೆ ಕೂತು ಎರಡೂ ಮಕ್ಕಳನ್ನ ಉಸಿರು ಕಟ್ಟೋ ಹಾಗೆ ಅಪ್ಕೊಂಡಿದ್ದಾನೆ, 'ಬಿಡಪ್ಪ, ನೋಯುತ್ತೆ' ಅಂತ ಚಿಕ್ಕದು ಒದ್ದಾಡ್ತಿದೆ. ಅಯ್ಯೋ, ಆ ಒದ್ದಾಟ ನೋಡಿ ನಂಗೆ ಎಷ್ಟು ಸಂತೋಷ ಆಯ್ತು ಅಂತ ಹೇಗೆ ಹೇಳ್ಲಿ? ಅಲ್ಲೇ ಧೂಳಲ್ಲಿ ಕೂತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಕೆಳಗಿಳಿದು ಬಂದು ಎಲ್ಲರ ಮುಂದೆ ಒಪ್ಕೊಂಡೆ. ಬಿರುಕು ಮುಚ್ಚಿದ್ದು ನಾನೇ, ಭಾರ ಹೊರಿಸಿದ್ದೂ ನಾನೇ ಅಂತ. ಡ್ರೈವರ್ ಹೆಂಡತಿ ಬೈದಳು, ಬೈಬೇಕಾದ್ದೇ. ಟೀಚರಮ್ಮ ಮಾತ್ರ ನನ್ನ ಕೈ ಹಿಡ್ಕೊಂಡು, 'ಆವತ್ತು ನಮ್ಮನೆಯವರು ಕೇಳ್ಲಿಲ್ಲ, ನಾನೂ ಸುಮ್ಮನಿದ್ದೆ. ನೀವೊಬ್ಬರೇ ಯಾಕೆ ಅಳ್ತೀರಿ' ಅಂದ್ರು.

ಹೊಸ ಬಾಲ್ಕನಿ ಕಟ್ಟಿಸಿದ್ವಿ, ಕೆಳಗೆ ಎರಡು ಕಂಬ ಕೊಟ್ಟು. ಕೆಲಸ ಮುಗಿದ ದಿನ ಹೊಸ ಮೇಸ್ತ್ರಿ ಕೇಳಿದ, 'ಬೆಳಿಗ್ಗೆ ಬಂದು ಕಂಬ ತಟ್ಟಿ ನೋಡಿ, ಈಗ ಸರಿಹೋಯ್ತು ಅಂದು ಹೋದ್ರಲ್ಲ, ಅವರು ನಿಮ್ಮ ಕಡೆಯವರಾ?' ನಾನೂ ಟೀಚರಮ್ಮನೂ ಮುಖ ಮುಖ ನೋಡ್ಕೊಂಡ್ವಿ, 'ಹೂಂ, ನಮ್ಮವರೇ' ಅಂದ್ವಿ. ಮನೆ ಯಾರು ಕೊಂಡ್ರು ಗೊತ್ತಾ? ಅದೇ ಡ್ರೈವರ್. 'ತನ್ನ ಹುಳುಕು ತಾನೇ ಹೇಳೋ ಮನೆ ಇನ್ನೆಲ್ಲಿ ಸಿಗುತ್ತಮ್ಮ' ಅಂದ. ಟೀಚರಮ್ಮ ತಂಗಿ ಹತ್ರ ಹೋದ್ರು, ಹದಿನಾಲ್ಕು ವರ್ಷ ಇಬ್ಬರೂ ಜಗಳ ಆಡ್ಕೊಂಡು ನೆಮ್ಮದಿಯಾಗಿದ್ರು. ನಾನು ಅವತ್ತಿಂದ ಎಷ್ಟೋ ಮನೆ ಸಿಂಗರಿಸಿದೆ, ಬಿರುಕು ಕಂಡ್ರೆ ಅದನ್ನೇ ಮೊದಲು ತೋರಿಸ್ತಿದ್ದೆ. ಬ್ರೋಕರ್ ಹಲ್ಲು ಕಡೀತಿದ್ದ, ಆದ್ರೂ ಮನೆ ಹೋಗ್ತಿದ್ವು.

ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ... ಆದ್ರೆ ಆ ಮೇಸ್ತ್ರಿ ಈ ಊರಲ್ಲಿ ಅದೊಂದೇ ಮನೆ ಕಟ್ಟಿದ್ದಾ? ಆಮೇಲೆ ಇನ್ನೂ ಎರಡು ಮನೇಲಿ ಕಂಡೆ. ನಾಲ್ಕನೇದು... ಇವತ್ತು ಮಧ್ಯಾಹ್ನ ನೀವೆಲ್ಲ ಕೆಳಗೆ ಕಿಟಕಿ ಒರೆಸ್ತಿದ್ರಲ್ಲ, ನಾನು ಪೊರಕೆ ಹಿಡ್ಕೊಂಡು ಮಹಡಿಗೆ ಹೋದೆ. ಮೂಲೇಲಿ ಕುಕ್ಕರಗಾಲಲ್ಲಿ ಕೂತಿದ್ದ. ಏ, ಹೆದರಬೇಡ ಮರಿ, ಬಾ ಇಲ್ಲಿ. ಈ ಸಲ ನಾನೇ ಮಾತಾಡಿಸಿದೆ. 'ನಮ್ಮ ಹುಡುಗಿ ಕೊಂಡಿದ್ದಾಳೆ, ಹೇಗಿದೆ ಮೇಸ್ತ್ರಿ' ಅಂದೆ. ಗೋಡೆಗೆ ಅಂಗೈ ಇಟ್ಟು, ತಲೆ ಆಡಿಸಿದ. ಗಟ್ಟಿ ಮನೆ. ನಿಶ್ಚಿಂತೆಯಿಂದ ಇರಿ.

ಆಮೇಲೆ ಹಿತ್ತಲ ಬಾಗಿಲ ಮೆಟ್ಟಿಲ ಕಡೆ ಕೈ ತೋರಿಸಿ, ಎರಡು ಬೆರಳು ಎತ್ತಿದ... ಮೇಲಿಂದ ಎರಡನೇ ಮೆಟ್ಟಿಲು ಇರಬೇಕು. ನಾಳೆನೇ ಒಡೆಸಿ ಕಟ್ಟಿಸಿಬಿಡಿ ಅಳಿಯಂದ್ರೇ.

ಮಳೆ ಕಮ್ಮಿಯಾಯ್ತು, ಏಳಿ. ಮುಂದಿನ ಬಾಗಿಲಿಂದಲೇ ಹೋಗೋಣ.